ಬೇಸಿಗೆಯಲ್ಲಿ ತುಂಬುವ ಕೆರೆ

ಹಿಮಾಲಯದ ಎತ್ತರದಲ್ಲಿರುವ ಹೇಮಕುಂಡ ಕೆರೆಯ ಫೋಟೊ ನೋಡಿದ ಬೀದರ್‌ನವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು. “ಬ್ಯಾಸಗ್ಯಾಗ ನೀರು ಇರ್ತಾವೇನು?” ಅವ್ವ ಕೇಳಿದಳು. ಹಾಲು ಹಾಕುವ ಅಣ್ಣ ಕೇಳಿದ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಕೇಳಿದರು. ಚಳಿ ಹೇಗಿತ್ತು, ಹಿಮ ಎಷ್ಟಿತ್ತು, ಕಾಲು ನೋವಾಯ್ತಾ ಅನ್ನೋದೆಲ್ಲ ಆಮೇಲೆ. ನಮ್ಮ ಕಡೆ ಯಾವ ಕೆರೆಯನ್ನಾದರೂ ಹೀಗೇ ನೋಡೋದು. ಶ್ರಾವಣದಲ್ಲಿ ತುಂಬಿದ ಕೆರೆ ಎಲ್ಲ ಊರಲ್ಲೂ ಇರುತ್ತದೆ. ಯುಗಾದಿ ದಾಟಿ, ಬಸವ ಜಯಂತಿ ದಾಟಿ, ರೋಹಿಣಿ ಮಳೆಗೆ ಕಾಯುವ ಹೊತ್ತಿಗೂ ತಳದಲ್ಲಿ ದನ ಕುಡಿಯುವಷ್ಟು ನೀರು ಉಳಿದರೆ ಆ ಕೆರೆಗೆ ಮರ್ಯಾದೆ.

“ಬ್ಯಾಸಗ್ಯಾಗೇ ಇರ್ತಾವವ್ವ. ಚಳಿಗಾಲದಾಗ ಇರಂಗಿಲ್ಲ” ಅಂದೆ. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. “ಹಂಗಿದ್ರ ಅದು ಭಾಳ ಶಾಣ್ಯಾ ಕೆರಿ” ಅಂದಳು. ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಹಿಮನದಿ, ಜಲಚಕ್ರ ಎಲ್ಲವನ್ನೂ ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸುತ್ತೇನೆ. ಆದರೆ ಕೆರೆಯೊಂದನ್ನು ಶಾಣ್ಯಾ ಅನ್ನೋದು ಅವ್ವನಿಗೇ ಹೊಳೆಯಬೇಕು. ಜನಕ್ಕೆ, ದನಕ್ಕೆ, ಹೊಲಕ್ಕೆ ನೀರು ಬೇಡವಾದಾಗ ಗಟ್ಟಿಯಾಗಿ ಹಿಡಿದಿಟ್ಟುಕೊಂಡು, ಬಿಸಿಲು ಏರಿದ ಹಾಗೆ ಬಿಟ್ಟುಕೊಡುವ ಕೆರೆ. ಇಂಥದ್ದು ನಮ್ಮಲ್ಲೂ ಇತ್ತಲ್ವಾ ಅಂತ ಯೋಚಿಸುತ್ತಾ ಹೋದೆ. ಇತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಝರಾದಿಂದ ಕುಂಡಕ್ಕೆ

ಹಿಮಾಲಯದಲ್ಲಿ ಹಿಮಸರೋವರಗಳಿಗೆ ಕಡಿಮೆ ಇಲ್ಲ. ನಾವು ಹೇಮಕುಂಡಕ್ಕೇ ಹೋದದ್ದು ನಮ್ಮ ಓಣಿಯ ಸರ್ದಾರ್ ಕಾಕಾನ ಕಾರಣಕ್ಕೆ. ಕಾಕಾ ಬೀದರ್‌ನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಪಂಜಾಬಿ, ಅಂಗಡಿಯಲ್ಲಿ ದಖನಿ, ನಮ್ಮ ಜೊತೆ ಅಪ್ಪಟ ಬೀದರ್ ಕನ್ನಡ. ಸಣ್ಣವರಿದ್ದಾಗ ಅವರ ಮಕ್ಕಳ ಜೊತೆ ನಾನೂ ತಮ್ಮನೂ ನಮ್ಮೂರ ಗುರುದ್ವಾರ ನಾನಕ್ ಝಿರಾಕ್ಕೆ ಹೋಗಿ, ಎಲ್ಲರಿಗೂ ಬಡಿಸುವ ಲಂಗರ್‌ನಲ್ಲಿ ಊಟ ಮಾಡಿ, ಝರಾದ ನೀರು ಕುಡಿದು ಬರುತ್ತಿದ್ದೆವು. ಗುರುನಾನಕರು ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲ ಅಂತ ಅತ್ತರಂತೆ, ಅವರು ಪಾದದಿಂದ ಒಂದು ಕಲ್ಲು ಸರಿಸಿದರಂತೆ, ನೀರು ಚಿಮ್ಮಿತಂತೆ. ಬೀದರ್‌ನ ಮಕ್ಕಳಿಗೆ ಈ ಕತೆ ಯಾವ ಧರ್ಮದ ಮನೆಯಲ್ಲಿ ಹುಟ್ಟಿದರೂ ಗೊತ್ತು. 1699ರಲ್ಲಿ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಅಂತ ಕರೆದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮೂರಿನವರು ಅಂತ ಸಿಖ್ಖರ ಪರಂಪರೆ ಹೇಳುತ್ತದೆ. ಹಾಗಾಗಿ ಕಾಕಾನ ಮನಸ್ಸಿನಲ್ಲಿ ಬೀದರ್‌ನಿಂದ ಹೇಮಕುಂಡಕ್ಕೆ ಒಂದು ದಾರಿ ಮೊದಲಿಂದಲೂ ಇತ್ತು. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುವ ದಾರಿ.

ಏಳು ಶಿಖರಗಳ ನಡುವಿನ ಹೇಮಕುಂಡದಲ್ಲಿ ತಾವು ಹಿಂದಿನ ಜನ್ಮದಲ್ಲಿ ತಪಸ್ಸು ಮಾಡಿದ್ದಾಗಿ ಗುರು ಗೋವಿಂದ ಸಿಂಗರು ಹೇಳಿಕೊಂಡಿದ್ದಾರೆ ಅನ್ನೋದು ಸಿಖ್ಖರ ನಂಬಿಕೆ. ಆ ಜಾಗ ಇದೇ ಅಂತ 1930ರ ದಶಕದಲ್ಲಿ ಸಂತ ಸೋಹನ್ ಸಿಂಗ್ ಮತ್ತು ಹವಾಲ್ದಾರ್ ಮೋದನ್ ಸಿಂಗ್ ಗುರುತಿಸಿದರು. ಅದಕ್ಕೂ ಮುಂಚೆ ಕೆಳಗಿನ ಕಣಿವೆಯ ಜನಕ್ಕೆ ಅದು ಲೋಕಪಾಲ, ಲಕ್ಷ್ಮಣ ತಪಸ್ಸು ಮಾಡಿದ ಕೆರೆ. ಲಕ್ಷ್ಮಣನ ಗುಡಿ ಈಗಲೂ ದಡದಲ್ಲೇ ಇದೆ. ಗುರುದ್ವಾರಕ್ಕೆ ಬಂದವರು ಅಲ್ಲಿಗೂ ಹೋಗಿ ಕೈಮುಗಿದು ಬರುತ್ತಾರೆ. ಬೀದರ್‌ನವರಿಗೆ ಇದರಲ್ಲಿ ವಿಶೇಷ ಏನೂ ಕಾಣೋದಿಲ್ಲ.

ಪ್ರಯಾಣದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದಾಗ ಬಿಸಿಲು 40 ಡಿಗ್ರಿ ದಾಟಿತ್ತು. ದಿಲ್ಲಿ, ಋಷಿಕೇಶ, ಆಮೇಲೆ ಅಲಕನಂದಾದ ಮಗ್ಗುಲಲ್ಲಿ ಬಸ್ಸು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ, ಜೋಶಿಮಠ ದಾಟಿ ವಿಷ್ಣುಪ್ರಯಾಗ. ಪ್ರತಿ ಪ್ರಯಾಗದಲ್ಲೂ ಒಂದು ಹೊಳೆ ಬಂದು ಸೇರುತ್ತದೆ. ತಮ್ಮ ಕಿಟಕಿಯಿಂದ ಇಣುಕಿ, “ಅಕ್ಕಾ, ಮಳಿ ಒಂದ್ ಹನಿ ಬಿದ್ದಿಲ್ಲ, ಇಷ್ಟೊಂದು ನೀರು ಎಲ್ಲಿಂದ ಬರ್ಲತ್ತಾವ?” ಅಂತ ಕೇಳುತ್ತಲೇ ಇದ್ದ. ಜೂನ್ ಮೊದಲ ವಾರ. ನಮ್ಮ ಮಾಂಜ್ರಾ ಹೊಳೆಯಲ್ಲಿ ಮರಳು ಕಾಣುವ ಕಾಲ.

ಉಸಿರಿನ ಲೆಕ್ಕ

ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪು. ಅಲ್ಲಿಂದ ಘಾಂಘರಿಯಾಕ್ಕೆ ಹತ್ತು ಕಿಲೋಮೀಟರಿನಷ್ಟು ನಡಿಗೆ. ಈ ದಾರಿ ಕಷ್ಟದ್ದೇನಲ್ಲ. ಕಲ್ಲು ಹಾಸಿದ ಅಗಲ ದಾರಿ, ಪಕ್ಕದಲ್ಲೇ ಲಕ್ಷ್ಮಣಗಂಗಾ ಹೊಳೆ, ಅಲ್ಲಲ್ಲಿ ಚಹಾ, ಮ್ಯಾಗಿ. ವಾರಕ್ಕೆ ನಾಲ್ಕು ದಿನ ಬೀದರ್ ಕೋಟೆಯ ಸುತ್ತ ನಡೆಯುವವರು ಯಾರಾದರೂ ಏರಬಹುದು. ಘಾಂಘರಿಯಾ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಕತ್ತಲಿರುವಾಗಲೇ ಹೊರಡಬೇಕು. ಮುಂದಿನದು ಬರೀ ಆರು ಕಿಲೋಮೀಟರ್. ಆದರೆ ಅಷ್ಟರಲ್ಲಿ ಸಾವಿರ ಮೀಟರಿಗೂ ಜಾಸ್ತಿ ಏರಬೇಕು. ನಮ್ಮ ಬೀದರ್ ಇರೋದೇ ಸುಮಾರು 700 ಮೀಟರ್ ಎತ್ತರದಲ್ಲಿ. ಅಂದರೆ ಸಮುದ್ರದಿಂದ ಬೀದರ್‌ಗೆ ಎಷ್ಟು ಎತ್ತರವೋ ಅದಕ್ಕಿಂತ ಜಾಸ್ತಿ ಎತ್ತರವನ್ನು ಒಂದು ಬೆಳಿಗ್ಗೆ ಏರೋದು.

ಕಾಕಾನ ಹೆಂಡತಿ ಕಾಕೂಗೆ ಮೊಣಕಾಲು ನೋವು. ಅವರು ಕುದುರೆ ಮೇಲೆ ಮುಂದೆ ಹೋದರು. ಕಾಕಾ, ತಮ್ಮ, ನಾನು ನಡೆದೆವು. ಕಾಕಾನದ್ದು ಒಂದೇ ನಿಯಮ: ನಡೆಯುತ್ತಾ ಮಾತಾಡಬೇಕು. ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ಇಲ್ಲ ಅಂದರೆ ನಿಲ್ಲಬೇಕು. ತಮ್ಮ ಇಪ್ಪತ್ತು ಹೆಜ್ಜೆ ಜೋರಾಗಿ ಹತ್ತಿ ಬಂಡೆ ಹಿಡಿದು ನಿಂತರೆ, ಕಾಕಾ ಅದೇ ನಿಧಾನದಲ್ಲಿ ಅವನ ಪಕ್ಕ ಹಾದುಹೋಗುವಾಗ, “ಬೇಟಾ, ನಿನ್ನ ಎದಿಗಿ ಇನ್ನಾ ಬೀದರ್‌ದಾಗೇ ಇದ್ದಂಗ ಅನಸ್ತದ. ಅದ್ಕ ಜರಾ ಟೈಮ್ ಕೊಡು” ಅಂದರು. ಅದಕ್ಕಿಂತ ಸರಿಯಾಗಿ ಯಾವ ಡಾಕ್ಟರೂ ಹೇಳಲಾರರು. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೇಮಕುಂಡದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ. ದೇಹ ಉಸಿರಾಟ ಹೆಚ್ಚಿಸಿಕೊಂಡು, ಎದೆಬಡಿತ ಹೆಚ್ಚಿಸಿಕೊಂಡು ಹೊಂದಿಕೊಳ್ಳಬೇಕು. ಪೂರ್ತಿ ಹೊಂದಿಕೊಳ್ಳೋಕೆ ದಿನಗಳೇ ಬೇಕು. ತಲೆನೋವು, ವಾಕರಿಕೆ ಜೋರಾದರೆ ಕೆಳಗೆ ಇಳಿಯೋದೇ ಮದ್ದು. ಇಷ್ಟು ತಿಳಿದುಕೊಳ್ಳದೆ ಯಾರೂ ಅಲ್ಲಿಗೆ ಹೋಗಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇಳಿದು ಬರುವವರು ಎದುರಾದಾಗಲೆಲ್ಲ “ವಾಹೆಗುರು” ಅನ್ನುತ್ತಾರೆ. ಗುರುತಿಲ್ಲದವರು ಕೈಗೆ ಗ್ಲೂಕೋಸ್ ಪುಡಿ ಸುರಿಯುತ್ತಾರೆ, ಚಾಕಲೇಟ್ ಕೊಡುತ್ತಾರೆ. ಪಟಿಯಾಲಾದ ಒಂದು ಮುದುಕಿ ನನ್ನ ಬೆನ್ನು ಸವರಿ, ಇನ್ನು ಸ್ವಲ್ಪವೇ ಇದೆ ಅಂತ ಹೇಳಿ ಹೋದಳು. ಸ್ವಲ್ಪ ಇರಲಿಲ್ಲ, ಅರ್ಧ ದಾರಿ ಬಾಕಿ ಇತ್ತು. ಆದರೂ ಆ ಸುಳ್ಳಿನಿಂದ ಕಾಲಿಗೆ ಶಕ್ತಿ ಬಂತು.

ಗಿಡಮರಗಳು ಮುಗಿದ ಮೇಲೆ ಅಟ್ಲಾಕೋಟಿ ಅನ್ನೋ ಕಡೆ ದಾರಿ ಹಿಮವನ್ನು ದಾಟುತ್ತದೆ. ಚಳಿಗಾಲದ ಹಿಮ ಕಮರಿಯಲ್ಲಿ ತುಂಬಿ ಗಟ್ಟಿಯಾಗಿರುತ್ತದೆ. ಪ್ರತಿ ವರ್ಷ ಯಾತ್ರೆ ಶುರುವಾಗುವ ಮುಂಚೆ ಸೈನ್ಯದವರು, ಗುರುದ್ವಾರದ ಸೇವಾದಾರರು ಸಲಿಕೆ ಹಿಡಿದು ಅದರ ಮಧ್ಯೆ ಹಾದಿ ಕಡಿಯುತ್ತಾರೆ. ನಾವು ಹೋದಾಗ ಎರಡೂ ಕಡೆ ಆಳೆತ್ತರದ ಹಿಮದ ಗೋಡೆ. ಬೆಳ್ಳಗಿರುತ್ತದೆ ಅಂದುಕೊಂಡು ಹೋದವರಿಗೆ ಅದು ನೋಡಲು ಚೆಂದ ಕಾಣೋದಿಲ್ಲ. ಮೇಲೆಲ್ಲ ಮಣ್ಣು, ಎಲೆ, ಕುದುರೆ ಲದ್ದಿ. ಕಡಿದ ಕಡೆ ಪದರ ಪದರ: ಬಿಳಿ, ಬೂದು, ಮತ್ತೆ ಬಿಳಿ. ತೀರಾ ಕೆಳಗೆ ತಿಳಿ ನೀಲಿ. ಒಂದೊಂದು ಪದರವೂ ಒಂದೊಂದು ಸಲ ಬಿದ್ದ ಹಿಮ. ನಾನು ಕೈಗವಸು ತೆಗೆದು ಗೋಡೆ ಮುಟ್ಟಿ ನಿಂತೆ.

ಎಲ್ಲ ಕಡೆ ನೀರು ಹನಿಯುತ್ತಿತ್ತು. ಗೋಡೆಯ ಅಂಚಿನಿಂದ, ಪದರದ ಸಂದಿಯಿಂದ, ಕಾಲಡಿಯ ಕಲ್ಲಿನಿಂದ. ಹನಿಗಳು ಸೇರಿ ಬೆರಳಗಲದ ಧಾರೆ, ಧಾರೆಗಳು ಸೇರಿ ದಾರಿಯ ಅಂಚಿನ ಕಾಲುವೆ, ಕಾಲುವೆ ಕಮರಿಗೆ. ಕಂಡಿ ಹೊರುವ ನೇಪಾಳದ ಹುಡುಗನೊಬ್ಬ ಬೆನ್ನ ಬುಟ್ಟಿಯನ್ನು ಕೋಲಿನ ಮೇಲೆ ಆನಿಸಿ ನಿಂತಿದ್ದ. ಬುಟ್ಟಿಯಲ್ಲಿ ಒಬ್ಬ ವಯಸ್ಸಾದ ತಾಯಿ ಕಣ್ಣುಮುಚ್ಚಿ ಜಪ ಮಾಡುತ್ತಿದ್ದರು. ಅವನು ಬಾಟಲಿಯನ್ನು ಹನಿಗೆ ಹಿಡಿದ. ತುಂಬೋಕೆ ಎಷ್ಟು ಹೊತ್ತಾಯಿತೋ, ಅವನಿಗೆ ಅವಸರ ಇರಲಿಲ್ಲ. ಅದು ಅವನ ವಿಶ್ರಾಂತಿಯ ಹೊತ್ತು. ಮೊದಲು ಬುಟ್ಟಿಯ ತಾಯಿಗೆ ಕುಡಿಸಿದ, ಆಮೇಲೆ ತಾನು ಕುಡಿದ. “ಇಲ್ಲಿ ಹಿಮ ಇರುವವರೆಗೆ ಕೆಳಗೆ ನೀರಿಗೆ ಚಿಂತೆ ಇಲ್ಲ” ಅಂತ ಹಿಂದಿಯಲ್ಲಿ ಹೇಳಿ ಬುಟ್ಟಿ ಎತ್ತಿದ. ತಮ್ಮ ಬಸ್ಸಿನಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ನನ್ನ ಅಂಗೈ ಕೆಳಗಿತ್ತು. ಡಿಸೆಂಬರ್, ಜನವರಿಯಲ್ಲಿ ಬಿದ್ದದ್ದು ಜೂನ್‌ನಲ್ಲಿ ಹನಿಯುತ್ತಿತ್ತು. ಬಿದ್ದ ದಿನವೇ ಹರಿದುಹೋಗಿದ್ದರೆ ಚಳಿಗಾಲದಲ್ಲೇ ಸಮುದ್ರ ಸೇರಿರುತ್ತಿತ್ತು. ಅದನ್ನು ಆರು ತಿಂಗಳು ಯಾರೋ ತಡೆದು ನಿಲ್ಲಿಸಿದ್ದರು. ಚಳಿ ತಡೆದು ನಿಲ್ಲಿಸಿತ್ತು.

ಕೊನೆಯಲ್ಲಿ ಎರಡು ದಾರಿ. ಸಾವಿರದಷ್ಟು ಮೆಟ್ಟಿಲಿನ ಹತ್ತಿರದ ದಾರಿ, ಇಲ್ಲ ಸುತ್ತುಬಳಸಿ ಹೋಗುವ ಕುದುರೆ ದಾರಿ. ಕಾಕಾ ಸುತ್ತು ದಾರಿ ಹಿಡಿದರು. ಮೆಟ್ಟಿಲು ಹತ್ತಿದ ತಮ್ಮನೂ ಸುತ್ತಿ ಬಂದ ನಾವೂ ಹೆಚ್ಚು ಕಡಿಮೆ ಒಟ್ಟಿಗೇ ಮೇಲೆ ಮುಟ್ಟಿದೆವು.

ಅರ್ಧ ಕಲ್ಲು, ಅರ್ಧ ನೀರು

ಕೆರೆ ಇನ್ನೂ ಪೂರ್ತಿ ಕರಗಿರಲಿಲ್ಲ. ಆಚೆ ದಡದ ಕಡೆ ಮಂಜುಗಡ್ಡೆಯ ಹಾಸು, ಈಚೆ ಕಪ್ಪು ನೀರು, ನಡುವೆ ತೇಲುವ ತುಂಡುಗಳು. ಸುತ್ತ ಶಿಖರಗಳು ಮೋಡದಲ್ಲಿ ಬಂದು ಹೋಗುತ್ತಿದ್ದವು. ಏಳನ್ನೂ ಎಣಿಸಲು ಆಗಲಿಲ್ಲ. ಹಿಮ ಜಾರಿ ಬೀಳಲಿ ಅಂತ ಇಳಿಜಾರಾಗಿ ಮಾಡಿದ ಗುರುದ್ವಾರದ ಛಾವಣಿ, ಪಕ್ಕದಲ್ಲಿ ಲಕ್ಷ್ಮಣನ ಸಣ್ಣ ಗುಡಿ, ಸಿಖ್ಖರ ಧ್ವಜ ನಿಶಾನ್ ಸಾಹಿಬ್‌ನ ಕೇಸರಿ ಬಟ್ಟೆ. ಬಣ್ಣ ಅಂತ ಇದ್ದದ್ದು ಅದೊಂದೇ.

ಇಂಥ ಕೆರೆಯನ್ನು ಯಾರೂ ತೋಡಿದ್ದಲ್ಲ, ಮಳೆಯೂ ತೋಡಿದ್ದಲ್ಲ. ಹಿಂದೆ ಇಲ್ಲಿ ಹಿಮನದಿಯೊಂದು ಬೆಟ್ಟದ ಮಡಿಲಲ್ಲಿ ಕೂತಿತ್ತು. ಅದು ಸುಮ್ನೆ ಕೂರೋದಿಲ್ಲ. ತನ್ನ ಭಾರಕ್ಕೇ ಕೆಳಗೆ ಜರುಗುತ್ತಾ, ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಬಂಡೆಯನ್ನು ಉಜ್ಜಿ ಉಜ್ಜಿ ತಗ್ಗು ಮಾಡುತ್ತದೆ. ಹಿಮನದಿ ಹಿಂದೆ ಸರಿದ ಮೇಲೆ ತಗ್ಗು ಉಳಿಯಿತು, ಅದರ ಬಾಯಿಗೆ ಬಂಡೆಯ ಅಂಚು ಉಳಿಯಿತು. ಕರಗಿದ ನೀರು ಅಲ್ಲಿ ನಿಂತಿತು. ಜಾಸ್ತಿಯಾದದ್ದು ಅಂಚು ದಾಟಿ ಲಕ್ಷ್ಮಣಗಂಗಾ ಆಗಿ ಇಳಿಯುತ್ತದೆ. ಘಾಂಘರಿಯಾ ಹತ್ತಿರ ಪುಷ್ಪಾವತಿ ಸೇರುತ್ತದೆ, ಗೋವಿಂದಘಾಟ್‌ನಲ್ಲಿ ಅಲಕನಂದಾ. ಅಲ್ಲಿಂದ ಗಂಗೆ, ಬಂಗಾಳ ಕೊಲ್ಲಿ. ನಮ್ಮ ಮಾಂಜ್ರಾ ಗೋದಾವರಿ ಸೇರಿ ಮುಟ್ಟೋದೂ ಅದೇ ಕೊಲ್ಲಿಯನ್ನು. ಅಕ್ಟೋಬರ್‌ನಲ್ಲಿ ಗುರುದ್ವಾರದ ಬಾಗಿಲು ಮುಚ್ಚುತ್ತಾರೆ. ಮೇ ಕೊನೆಯವರೆಗೆ ಅಲ್ಲಿ ಯಾರೂ ಇರೋದಿಲ್ಲ. ಆ ತಿಂಗಳುಗಳಲ್ಲಿ ಕೆರೆಯ ಮೈ ಕಲ್ಲಿನ ಹಾಗೆ ಗಟ್ಟಿ.

ಗಂಡಸರು ಕೆರೆಯಲ್ಲೇ ಮುಳುಗುತ್ತಾರೆ. ಹೆಂಗಸರಿಗೆ ಒಳಗೆ ಗೋಡೆ ಕಟ್ಟಿದ ಜಾಗ ಇದೆ, ಕೆರೆಯ ನೀರೇ ಅಲ್ಲಿಗೂ ಬರುತ್ತದೆ. ಕಾಕೂ ನನಗಾಗಿ ಕಾದಿದ್ದರು. ಮೆಟ್ಟಿಲಿನ ಮೇಲೆ ಕಾಲಿಟ್ಟ ಕೂಡಲೇ ಹಿಮ್ಮಡಿಯಿಂದ ನೆತ್ತಿವರೆಗೆ ನೋವು ಏರಿತು. ಚಳಿ ಅಂತ ಅನ್ನಿಸಲೇ ಇಲ್ಲ, ಬರೀ ನೋವು. ಕಾಕೂ ಕೈ ಹಿಡಿದು, “ಅಂಜಬ್ಯಾಡ ಬೇಟಿ, ಝಿರಾದಾಗ ಮಿಂದಂಗ ಮೀಯ್” ಅಂದರು. ಮುಳುಗಿ ಎದ್ದೆ. ಎದ್ದ ಮೇಲೆ ಮೈಯೆಲ್ಲ ಬೆಚ್ಚಗಾಯಿತು. ಅಳು ಬಂತು. ಯಾಕೆ ಅಂತ ಈಗಲೂ ಹೇಳಲಾರೆ. ಕಾಕೂನೂ ಅಳುತ್ತಿದ್ದರು. ಆಮೇಲೆ ಲಂಗರ್‌ನಲ್ಲಿ ಸ್ಟೀಲಿನ ಲೋಟದಲ್ಲಿ ಚಹಾ, ಬಿಸಿ ಖಿಚಡಿ. ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲರನ್ನೂ ಕೆಳಗೆ ಕಳಿಸುತ್ತಾರೆ. ಮೇಲೆ ರಾತ್ರಿ ಉಳಿಯಲು ಯಾರಿಗೂ ಬಿಡೋದಿಲ್ಲ. ಅದು ಬಹಳ ಒಳ್ಳೆ ಪದ್ಧತಿ. ಗಾಳಿ ಅಷ್ಟು ತೆಳುವಾಗಿರುವ ಕಡೆ ಹೊಸಬರು ನಿದ್ದೆ ಮಾಡಬಾರದು.

ಹೋದ ವರ್ಷದ ಮಳೆ

ಇಳಿಯುವಾಗ ಆ ಹಿಮದ ಗೋಡೆಯ ನಡುವೆ ಮತ್ತೆ ಬಂದಾಗ ನನಗೆ ನೆನಪಾದದ್ದು ಝರಣಿ ನರಸಿಂಹ. ಬೀದರ್‌ನವರಿಗೆ ಹೇಳಬೇಕಿಲ್ಲ. ಗುಹೆಯ ಒಳಗೆ ಸುಮಾರು 300 ಮೀಟರ್ ನೀರಿನಲ್ಲೇ ನಡೆದು ಸ್ವಾಮಿಯ ದರ್ಶನ ಮಾಡಬೇಕು. ಅಪ್ಪ ನನ್ನನ್ನು ಮೊದಲ ಸಲ ಕರೆದೊಯ್ದಾಗ ನಾನು ಮೂರನೇ ಕ್ಲಾಸೋ ನಾಲ್ಕನೆಯದೋ. ಅಪ್ಪ ಬಾವಿ ತೋಡಿಸುವ ಗುತ್ತೇದಾರರೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ನೀರಿನ ವಿಷಯ ಅವರಿಗೆ ಗೊತ್ತಿತ್ತು. ನೀರು ಅವರ ಸೊಂಟದವರೆಗೆ, ನನಗೆ ಕುತ್ತಿಗೆವರೆಗೆ. ಸ್ವಲ್ಪ ದೂರ ಹೆಗಲ ಮೇಲೆ, ಸ್ವಲ್ಪ ದೂರ ಕೈ ಹಿಡಿದು. ತಲೆ ಮೇಲೆ ಬಾವಲಿಗಳು ಚಿರ್ ಚಿರ್ ಅನ್ನುತ್ತಿದ್ದವು. ಮುಂದೆ ಹೋಗುವವರು “ಗೋವಿಂದಾ” ಅಂದರೆ ಗುಹೆ ಪೂರ್ತಿ “ಗೋವಿಂದಾ” ಅನ್ನುತ್ತಿತ್ತು.

ನಡುವೆ ಒಂದು ಕಡೆ ಅಪ್ಪ ನಿಂತರು. “ಈ ನೀರು ಎಲ್ಲಿಂದ ಬರ್ತಾವ ಹೇಳು?” ನಾನು ಕೆಳಗಿಂದ ಅಂದೆ. ಅಪ್ಪ ನನ್ನ ಅಂಗೈ ಹಿಡಿದು ಗುಹೆಯ ಮೇಲ್ಛಾವಣಿಗೆ ತಾಗಿಸಿದರು. ಕೆಂಪು ಕಲ್ಲು ಒದ್ದೆಯಾಗಿತ್ತು. ಅಲ್ಲಲ್ಲಿ ಹನಿ ಕಟ್ಟಿ ಬೀಳುತ್ತಿತ್ತು. “ಮ್ಯಾಲಿಂದ. ನಾವು ನಡಿಯೋ ನೆಲದಿಂದ. ಇದು ಹ್ವಾದ ವರ್ಷದ ಮಳಿ ನೋಡು, ಇನ್ನಾ ಇಳೀಲತ್ತದ.” ಹೊರಗೆ ಏಪ್ರಿಲ್ ಬಿಸಿಲು. ಒಳಗೆ ಹಿಂದಿನ ಮೃಗಶಿರಾ ಮಳೆ ನನ್ನ ಕೈಮೇಲೆ ಬೀಳುತ್ತಿತ್ತು. ಅಪ್ಪ ತೀರಿಕೊಂಡು ವರ್ಷಗಳಾದವು. ಅವರು ಕಲಿಸಿದ್ದರಲ್ಲಿ ನನಗೆ ಇದು ದೊಡ್ಡ ಪಾಠ.

ಅಪ್ಪ ಹೇಳಿದ್ದು ಭೂಗೋಳದ ಲೆಕ್ಕದಲ್ಲೂ ನಿಜ. ಬೀದರ್ ಕೂತಿರುವುದೇ ಕೆಂಪು ಕಲ್ಲಿನ ದಪ್ಪ ಹಾಸಿನ ಮೇಲೆ. ಅದನ್ನು ಮುರಿದು ನೋಡಿದರೆ ಜೇನುಗೂಡಿನ ಹಾಗೆ ತೂತು. ಮಳೆ ನೀರು ತೂತು, ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಕೆಳಗೆ ಜೇಡಿ ಪದರ, ಅದರ ಕೆಳಗೆ ದಖ್ಖನ್ನಿನ ಕಪ್ಪು ಕಲ್ಲು. ಅಲ್ಲಿ ನೀರಿಗೆ ಮುಂದೆ ಇಳಿಯಲು ದಾರಿ ಇಲ್ಲ. ಅಡ್ಡ ಸರಿದು, ದಿಬ್ಬದ ಅಂಚಿನಲ್ಲಿ ಝರಾ ಆಗಿ ಹೊರಬೀಳುತ್ತದೆ. ನಾನಕ್ ಝಿರಾ, ಪಾಪನಾಶ, ಝರಣಿ ಎಲ್ಲವೂ ಈ ಅಂಚಿನ ನೀರು. ಮೇಲೆ ಸುರಿದದ್ದು ಹೊರಗೆ ಬರಲು ತಿಂಗಳುಗಟ್ಟಲೆ ಬೇಕು. ಆ ತಡವೇ ನಮ್ಮ ಬೇಸಿಗೆಯನ್ನು ಕಾದದ್ದು.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ದಿಬ್ಬದ ಮೇಲೆ ನದಿ ಇಲ್ಲ. ಇರಾನಿನ ಕಡೆಯ ವಿದ್ಯೆ ಬಂತು, ಕರೇಜ್ ಬಂತು. ಈ ಕಲ್ಲಿನ ಒಳಗೆ, ನೀರು ಸರಿಯುವ ಮಟ್ಟ ನೋಡಿ, ಸಣ್ಣ ಇಳಿಜಾರಿನ ಸುರಂಗ ಕೊರೆದರು. ಗಾಳಿ ಬೆಳಕಿಗೆ, ಹೂಳು ತೆಗೆಯೋಕೆ, ನೀರು ಸೇದೋಕೆ ಮೇಲಿಂದ ಸಾಲಾಗಿ ಬಾವಿ ತೋಡಿದರು. ನಮ್ಮ ಜನ ಸುರಂಗ ಬಾವಿ ಅನ್ನೋದು ಇದಕ್ಕೇ. ನೌಬಾದ್‌ನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ ಇದೆ. ಅದಕ್ಕೆ ಮೋಟರ್ ಬೇಕಿಲ್ಲ, ಕರೆಂಟ್ ಬೇಕಿಲ್ಲ. ಕಲ್ಲು ಬಿಟ್ಟಷ್ಟು ನೀರು ತಾನೇ ಹರಿದುಬರುತ್ತದೆ. ಆ ಕಾಲದವರು ಕಲ್ಲಿನಿಂದ ನೀರನ್ನು ಕಿತ್ತುಕೊಳ್ಳಲು ಹೋಗಲಿಲ್ಲ, ಕಲ್ಲು ಕೊಡುವ ವೇಗಕ್ಕೆ ತಾವು ಹೊಂದಿಕೊಂಡರು. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಕೆಂಪು ಕಲ್ಲು ಮಾಡುತ್ತಿತ್ತು. ನಮ್ಮದೂ ಶಾಣ್ಯಾ ನೀರೇ.

ಹಿಡಿತ ಸಡಿಲಿದಾಗ

ನಮ್ಮ ಓಣಿಯಲ್ಲಿ ಒಂದು ತೆರೆದ ಬಾವಿ ಇತ್ತು. ಹಗ್ಗ ಉದ್ದ ಬೇಕಾಗುತ್ತಿರಲಿಲ್ಲ. ಈಗ ಅದರ ಮೇಲೆ ಜಾಳಿಗೆ ಹಾಕಿ, ಒಳಗೆ ಕಸ. ಓಣಿಯ ಮನೆಮನೆಗೂ ಬೋರ್. ಬೋರ್ ಮಾಡುವುದೇನು? ನೀರು ನಿಧಾನವಾಗಿ ಸರಿಯುತ್ತಿದ್ದ ಆ ಪದರವನ್ನು ದಾಟಿ ಕೆಳಗಿನ ಕಪ್ಪು ಕಲ್ಲಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ಹನಿಯಬೇಕಾದದ್ದನ್ನು ಮೋಟರ್ ಕೆಲವೇ ವಾರದಲ್ಲಿ ಎಳೆದುಬಿಡುತ್ತದೆ. ಮೇಲೆ ಸಿಮೆಂಟು, ಡಾಂಬರು, ಲೇಔಟು. ಹೊಸ ಮಳೆ ಒಳಗೆ ಇಳಿಯೋಕೆ ಜಾಗ ಇಲ್ಲ. ಬೀದರ್‌ನಲ್ಲಿ ಮಳೆ ಕಡಿಮೆ ಆಯ್ತು ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಹಿಡಿದಿಡುವ ಶಕ್ತಿ ಹೋದದ್ದೇ ದೊಡ್ಡ ನಷ್ಟ ಅನ್ನಿಸುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ. ಕಲ್ಲನ್ನು ಕಾಯೋದು, ಕರೇಜಿನ ಬಾಯಿಗೆ ಮಣ್ಣು ತುಂಬದೆ ಇರೋದು ನಮ್ಮ ಕೈಯಲ್ಲಿತ್ತು, ಈಗಲೂ ಇದೆ.

ಹಿಮಾಲಯದ ಕತೆ ಇನ್ನೂ ಕಷ್ಟದ್ದು. ನಮ್ಮಲ್ಲಿ ನಷ್ಟ ಒಣಗಿ ಕಾಣುತ್ತದೆ. ಅಲ್ಲಿ ನಷ್ಟ ನೀರಾಗಿ ಕಾಣುತ್ತದೆ. ಬಿಸಿ ಜಾಸ್ತಿಯಾಗಿ ಹಿಮನದಿ ಬೇಗ ಕರಗಿದರೆ ಮೊದಲು ಕೆರೆಗಳು ದೊಡ್ಡವಾಗುತ್ತವೆ, ಹೊಸ ಕೆರೆಗಳು ಹುಟ್ಟುತ್ತವೆ. ಇಸ್ರೋ ಉಪಗ್ರಹ ಚಿತ್ರಗಳನ್ನು ನೋಡಿ 2024ರಲ್ಲಿ ಹೇಳಿದ ಲೆಕ್ಕ ಇದು: ಭಾರತದ ಹಿಮಾಲಯದ ನದಿ ಕಣಿವೆಗಳಲ್ಲಿ 10 ಹೆಕ್ಟೇರಿಗಿಂತ ದೊಡ್ಡ ಹಿಮಸರೋವರಗಳು 2,431. ಅವುಗಳಲ್ಲಿ 676 ಕೆರೆಗಳು 1984ರಿಂದ ಈಚೆಗೆ ಗಮನಾರ್ಹವಾಗಿ ಹಿಗ್ಗಿವೆ. ಆ 676ರಲ್ಲಿ 601 ಎರಡು ಪಟ್ಟಿಗೂ ಮೀರಿ ಬೆಳೆದಿವೆ. ಫೋಟೊದಲ್ಲಿ ಇವೆಲ್ಲ ಬಹಳ ಚೆಂದ ಕಾಣುತ್ತವೆ. ನಮ್ಮ ಕಡೆಯವರು ನೋಡಿದರೆ ಖುಷಿಪಡುತ್ತಾರೆ, ಕೆರೆ ದೊಡ್ಡದಾಯ್ತು ಅಂತ.

ಹೇಮಕುಂಡದ ಬಾಯಿಗೆ ಇರುವುದು ಬಂಡೆಯ ಅಂಚು. ಆದರೆ ಇಂಥ ಎಷ್ಟೋ ಕೆರೆಗಳನ್ನು ತಡೆದಿರುವುದು ಹಿಮನದಿ ತಂದು ಸುರಿದ ಸಡಿಲ ಕಲ್ಲುಮಣ್ಣಿನ ದಿಬ್ಬ. ಅದು ಒಡೆಯುತ್ತದೆ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆದದ್ದು ಹೀಗೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಮ್‌ನ ದಕ್ಷಿಣ ಲ್ಹೋನಾಕ್ ಕೆರೆ ಒಡೆದು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. 2013ರ ಅದೇ ಜೂನ್‌ನಲ್ಲಿ ಭಾರೀ ಮಳೆಗೆ ಲಕ್ಷ್ಮಣಗಂಗಾ ಉಕ್ಕಿ, ನಾವು ನಡೆದ ದಾರಿಯಲ್ಲೇ ಇರುವ ಭ್ಯೂಂಡಾರ್ ಹಳ್ಳಿಯನ್ನು ನುಂಗಿತು. ಗೋವಿಂದಘಾಟ್‌ನ ಸೇತುವೆ, ನಿಲ್ಲಿಸಿದ್ದ ಗಾಡಿಗಳು ಹೋದವು. ಭ್ಯೂಂಡಾರ್‌ನಲ್ಲಿ ನಮಗೆ ಚಹಾ ಕೊಟ್ಟ ಅಜ್ಜ ಹೊಳೆಯ ಕಲ್ಲುಗಳ ಕಡೆ ಕೈ ತೋರಿಸಿ, ಅಲ್ಲಿ ಮನೆಗಳಿದ್ದವು ಅಂದರು. ಅಲ್ಲಿ ಕಾರಿನಷ್ಟು ದೊಡ್ಡ ಬಂಡೆಗಳಿದ್ದವು, ಬೇರೇನೂ ಇರಲಿಲ್ಲ. ತಮ್ಮ ಫೋಟೊ ತೆಗೆಯಲು ಫೋನ್ ಎತ್ತಿದವನು ಜೇಬಿಗೆ ಹಾಕಿಕೊಂಡ.

ಹಗ್ಗದ ದಾರಿ

ವಾಪಸು ರೈಲಿನಲ್ಲಿ ನಮ್ಮ ಮಾತೆಲ್ಲ ರೋಪ್‌ವೇ ಬಗ್ಗೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಗೋವಿಂದಘಾಟ್‌ನಿಂದ ಹೇಮಕುಂಡಕ್ಕೆ 12.4 ಕಿಲೋಮೀಟರ್ ರೋಪ್‌ವೇಗೆ ಒಪ್ಪಿಗೆ ಕೊಟ್ಟಿದೆ. ಖರ್ಚು 2,730 ಕೋಟಿ ರೂಪಾಯಿ. ತಮ್ಮನಿಗೆ ಭಾರೀ ಉತ್ಸಾಹ. ಕಾಕೂನ ವಯಸ್ಸಿನವರು ಕುದುರೆ ಮೇಲೆ ಜೀವ ಹಿಡಿದುಕೊಂಡು ಕೂರೋದು ತಪ್ಪುತ್ತದೆ ಅಂತ. ಅವನ ಮಾತಿನಲ್ಲಿ ನ್ಯಾಯ ಇದೆ. ಕುದುರೆಗಳು ಪಡುವ ಪಾಡನ್ನೂ ನಾನು ನೋಡಿದ್ದೇನೆ. ಆದರೆ ನನಗೆ ಎರಡು ಚಿಂತೆ. ಗೋವಿಂದಘಾಟ್ ಇರೋದು ಸುಮಾರು 1,800 ಮೀಟರಿನಲ್ಲಿ. ಅಲ್ಲಿಂದ ನೇರ 4,000 ಮೀಟರಿನ ಮೇಲೆ ಹೋಗಿ ಇಳಿದರೆ ಕಾಕಾ ಹೇಳಿದ ಆ “ಜರಾ ಟೈಮ್” ಎದೆಗೆ ಸಿಗೋದೆಲ್ಲಿ? ಎರಡನೆಯದು, ಆ ಗುಡ್ಡಗಳು. ಜಾರುವ ಮಣ್ಣಿನ ಮೇಲೆ ಕಂಬ ನೆಡುವಾಗ, ಜನ ಹತ್ತು ಪಟ್ಟಾದಾಗ, ಆ ಸಣ್ಣ ಕೆರೆಯ ದಡ ತಡೆಯುತ್ತದಾ?

ಕಾಕಾ ಇಬ್ಬರ ಮಾತನ್ನೂ ಕೇಳುತ್ತಾ ಕೂತಿದ್ದರು. ಕಾಕೂ ಮಾತ್ರ ಸ್ಪಷ್ಟವಾಗಿ ಹೇಳಿದರು. “ರೋಪ್‌ವೇ ಬಂದ್ರ ಬರಲಿ. ನಾ ಘಾಂಘರಿಯಾದಾಗ ಇಳ್ದು, ರಾತ್ರಿ ಮಲಗಿ, ಮರುದಿನ ಹೋಗ್ತೀನಿ.” ರೋಪ್‌ವೇ ಯೋಜನೆಯೂ ಎರಡು ಭಾಗದಲ್ಲೇ ಇದೆ: ಘಾಂಘರಿಯಾವರೆಗೆ ಒಂದು, ಅಲ್ಲಿಂದ ಮೇಲಕ್ಕೆ ಇನ್ನೊಂದು. ನಡುವಿನ ಆ ರಾತ್ರಿಯನ್ನು ಕಡ್ಡಾಯ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಬೇಕು, ಕಂಡಿ ಹೊರುವವರಿಗೆ, ಕುದುರೆಯವರಿಗೆ ಅಲ್ಲೇ ಕೆಲಸ ಕೊಡಬೇಕು. ಇಷ್ಟಾದರೆ ನಾನೂ ತಮ್ಮನ ಪಕ್ಷ. ಅವನು ಮಿತಿಗೆ ಒಪ್ಪಲಿಲ್ಲ. ದೇವರ ಜಾಗಕ್ಕೆ ಲೆಕ್ಕ ಹಾಕಿ ಜನರನ್ನು ಬಿಡೋದು ಹೇಗೆ ಅಂದ. ಭೋಪಾಲ ದಾಟುವವರೆಗೆ ವಾದ ನಡೆಯಿತು, ಸೋಲಾಪುರದಲ್ಲಿ ಇಳಿಯುವವನೊಬ್ಬ ಎದುರಿನ ಸೀಟಿನಿಂದ ಅವನ ಕಡೆ ಸೇರಿಕೊಂಡ.

ಮುಂದಿನ ಸಲ ಸೆಪ್ಟೆಂಬರ್‌ನಲ್ಲಿ ಹೋಗೋಣ ಅಂತ ಕಾಕಾ ಈಗಾಗಲೇ ಶುರು ಮಾಡಿದ್ದಾರೆ. ಆಗ ಹಿಮ ಕಡಿಮೆ, ಮೇಲೆ ಬ್ರಹ್ಮಕಮಲ ಅರಳಿರುತ್ತದೆ, ಘಾಂಘರಿಯಾದಿಂದಲೇ ಹೂಕಣಿವೆಗೂ ಹೋಗಿಬರಬಹುದು. ಮಳೆಯಿಂದ ರಸ್ತೆ ಕುಸಿಯುವ ಅಪಾಯ ಇರುತ್ತದೆ, ಎರಡು ದಿನ ಜಾಸ್ತಿ ಇಟ್ಟುಕೊಂಡೇ ಹೊರಡಬೇಕು. ಅಲ್ಲಿಯವರೆಗೆ ನಾನು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ನೌಬಾದ್‌ಗೆ ಕರೆದೊಯ್ಯುವ ತಯಾರಿಯಲ್ಲಿದ್ದೇನೆ. ಕರೇಜಿನ ಬಾವಿಗಳಲ್ಲಿ ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ ಅಂತ ಅವರೇ ನಡೆದು ನಕ್ಷೆಯ ಮೇಲೆ ಗುರುತು ಹಾಕಬೇಕು. ಹೆಡ್‌ಮಾಸ್ಟರರು ಒಪ್ಪಿದ್ದಾರೆ. ಟೇಪು, ಹಗ್ಗ, ಟಾರ್ಚ್ ತಮ್ಮ ತಂದುಕೊಡುತ್ತಾನಂತೆ.